ಹೊಂಬಾಳೆಯ ಪೊರೆ

ನಮ್ಮೂರಿನಲ್ಲಿ ಮನೆಗಳಿಗೆ ಯಜಮಾನನ ಹೆಸರಿಲ್ಲ, ಪೊರೆಯ ಹೆಸರು. ಹೊಸಬರು ಯಾರಾದರೂ ಬಂದು ಜವರಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಜಗಲಿಯ ಮೇಲೆ ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ. ಬೋರಮ್ಮನ ಸ್ವಂತ ಪೊರೆ ಎಂದು ಕೇಳಿದರೆ ಆಗೆಲ್ಲ ಸಣ್ಣ ಮಕ್ಕಳೂ ತಂದು ಬಾಗಿಲಿಗೆ ಬಿಡುತ್ತಿದ್ದರು. ಜವರಪ್ಪ ನನ್ನ ಗಂಡ. ಬೋರಮ್ಮ ನನ್ನ ಅತ್ತೆ. ನಾನು ದೇವೀರಮ್ಮ, ಆ ಮನೆಯ ಹಿರಿಸೊಸೆ. ಹಿರಿಸೊಸೆ ಎಂಬ ಮಾತು ನನಗೆ ಬಹಳ ಕಾಲ ದೊಡ್ಡ ಮಾತಾಗಿತ್ತು, ಅದಕ್ಕೇ ಮೊದಲೇ ಹೇಳಿದೆ.

ಊರಿಗೆಲ್ಲ ಇರುವುದು ಒಂದೇ ನೀರು. ಗುಡ್ಡದ ಬುಡದಲ್ಲಿ ಒಂದು ಚಿಲುಮೆ ಇದೆ, ಅಲ್ಲಿಂದ ಅದು ಹಬೆಯಾಡುತ್ತ ಬರುತ್ತದೆ. ತಾಮ್ರದ ಕೊಡವನ್ನು ತಿಂದು ತೂತು ಮಾಡುವಷ್ಟು ಹುಳಿ. ಅದನ್ನು ಮಣ್ಣಿನ ಕೊಡದಲ್ಲಿ ಹೊತ್ತು ತಂದು, ಮನೆಯ ಕಲ್ಲುಬಾನಿಯಲ್ಲಿ ಹರಡಿಕೊಂಡಿರುವ ಪೊರೆಯ ಮೇಲೆ ಸುರಿಯಬೇಕು. ಪೊರೆ ಹುಳಿಯನ್ನೆಲ್ಲ ತಾನು ಇಟ್ಟುಕೊಂಡು ನೀರನ್ನು ಕೆಳಕ್ಕೆ ತೊಟ್ಟಿಕ್ಕಿಸುತ್ತದೆ. ಬಾನಿಯ ಬುಡದ ತೂಬು ತೆಗೆದರೆ ಸಿಹಿನೀರು. ಪೊರೆಗೆ ಜೀವವಿದೆ, ಅದು ಬೆಳೆಯುತ್ತದೆ, ಮುನಿಸಿಕೊಳ್ಳುತ್ತದೆ, ಸಾಯುತ್ತದೆ.

ಸಿಹಿಯಾದ ನೀರು ಹೊಸಿಲು ದಾಟಬಾರದು. ಬಾಯಾರಿ ಬಂದವರು ಒಳಗೆ ಬಂದು ಎಷ್ಟಾದರೂ ಕುಡಿಯಲಿ, ಚೊಂಬಿನಲ್ಲಿ ಹೊರಗೆ ಒಯ್ಯುವಂತಿಲ್ಲ. ಪೊರೆ ಸತ್ತ ಮನೆಯವರು ಬೇರೆ ಮನೆಗೆ ಹೋಗಿ ಅಲ್ಲಿನ ಪೊರೆಯ ಚೂರೊಂದನ್ನು ಹೆಪ್ಪಿಗೆ ಕೇಳಬೇಕು. ಕೇಳಿದವರಿಗೆ ಇಲ್ಲವೆನ್ನಬಾರದು. ತಂದವರ ಮನೆ ಆ ದಿನದಿಂದ ಕೊಟ್ಟ ಕೈಯ ಹೆಸರಿನದು. ಒಂದೇ ತಲೆಮಾರಿನಲ್ಲಿ ಮೂರು ನಾಲ್ಕು ಸಲ ಹೆಸರು ಬದಲಾದ ಮನೆಗಳಿವೆ. ಪೋಸ್ಟಿನ ಮುನಿಯಪ್ಪ ವಿಳಾಸ ಓದುವುದನ್ನೇ ಬಿಟ್ಟು, ಕಾಗದ ಹಿಡಿದು ಬೀದಿಯಲ್ಲಿ ನಿಂತು ಕೂಗುತ್ತಾನೆ. ಮದುವೆ ಮಾತಿಗೆ ಬಂದವರು ಮೊದಲು ಕೇಳುವುದು, ನಿಮ್ಮದು ಸ್ವಂತ ಪೊರೆಯೋ ಹೆಪ್ಪಿನದೋ ಎಂದು. ನಮ್ಮದು ಆಗ ಸ್ವಂತದ್ದು. ಅರ್ಧ ಊರಿಗೆ ಹೆಪ್ಪು ಕೊಟ್ಟ ಮನೆ.

ಅತ್ತೆ ನನಗೆ ಎಲ್ಲವನ್ನೂ ಕಲಿಸಿದ್ದರು. ಚಿಲುಮೆಯ ನೀರನ್ನು ಹಾಗೇ ಸುರಿಯಬಾರದು, ಅಗಲ ಬಾಯಿಯ ಮಡಕೆಯಲ್ಲಿ ಆರಿಸಬೇಕು, ಬೆರಳು ಅದ್ದಿ ನೋಡಬೇಕು, ಬಟ್ಟೆಯಲ್ಲಿ ಸೋಸಿ ಸೌಟಿನಲ್ಲಿ ಅಂಚಿನಿಂದ ಬಿಡಬೇಕು. ಪೊರೆ ಕುಯ್ಯುವುದನ್ನೂ ಕಲಿಸಿದ್ದರು. ನಾನು ಬಂದ ಹೊಸದರಲ್ಲಿ ಎಷ್ಟೋ ಸಂಜೆ ಇಬ್ಬರೂ ಬಾನಿಯ ಪಕ್ಕ ಕೂತು ಅದನ್ನು ನೋಡುತ್ತಿದ್ದೆವು, ಬೇರೆಯವರು ತೊಟ್ಟಿಲು ನೋಡುವ ಹಾಗೆ. ಆಗ ಈ ಮನೆಯಲ್ಲಿ ನನಗಿಂತ ಹತ್ತಿರದವರು ಅವರಿಗೆ ಇರಲಿಲ್ಲ.

ಆಮೇಲೆ ನನ್ನ ಮೈದುನ ಸಿದ್ದಪ್ಪ ಹೊಂಬಾಳೆಯನ್ನು ಮದುವೆಯಾದ. ಗುಡ್ಡದ ಆಚೆಯ ಹುಡುಗಿ, ಬಾವಿನೀರು ಕುಡಿದು ಬೆಳೆದವಳು. ನಮ್ಮ ಹುಳಿನೀರು ಕಂಡು ಮೊದಲ ದಿನವೇ ನಕ್ಕಿದ್ದಳು. ಎಲ್ಲದಕ್ಕೂ ನಗುವಳು. ಅಣ್ಣತಮ್ಮಂದಿರಿಗೆ ಯಾವುದೋ ಸಣ್ಣ ಮಾತಿಗೆ ಬಂದು ಮನೆಯ ನಡುವೆ ಗೋಡೆ ಎದ್ದಿತು. ಅತ್ತೆ ಪೊರೆಯನ್ನು ಎರಡು ಮಾಡಿದರು. ಹಳೆಯ ಬಾನಿಯಲ್ಲಿದ್ದ ಅರ್ಧ ನನಗೆ, ಹೊಸದಾಗಿ ಕಡೆಸಿದ ಬಾನಿಯಲ್ಲಿ ಹಾಸಿದ ಅರ್ಧ ಹೊಂಬಾಳೆಗೆ. ಕುಯ್ದು ಕೊಟ್ಟ ಕೈ ಅತ್ತೆಯದೇ ಆದ್ದರಿಂದ ಎರಡೂ ಮನೆಗೆ ಅವರ ಹೆಸರೇ ಉಳಿಯಿತು. ಅತ್ತೆ ನನ್ನ ಪಾಲಿಗೆ ಬಂದರು. ಬರದೆ ಎಲ್ಲಿಗೆ ಹೋಗುತ್ತಾರೆ ಎಂದುಕೊಂಡಿದ್ದೆ.

ಹೊಂಬಾಳೆ ಪೊರೆ ನೋಡಿಕೊಂಡ ರೀತಿ ಹೇಳುತ್ತೇನೆ. ಚಿಲುಮೆಯಿಂದ ಸೊಂಟದಲ್ಲಿ ಕೊಡ ಹೊತ್ತು, ದಾರಿಯುದ್ದಕ್ಕೂ ಯಾರೊಂದಿಗೋ ಮಾತಾಡುತ್ತ ಬಂದು, ಆ ಮಾತು ಮುಗಿಯುವ ಮೊದಲೇ ದಡಕ್ಕನೆ ಬಾನಿಗೆ ಸುರಿಯುವಳು. ಆರಿಸುವುದಿಲ್ಲ, ಸೋಸುವುದಿಲ್ಲ. ಬಿಸಿನೀರು ಬಿದ್ದಾಗ ಏಳುವ ಹಬೆ ಗೋಡೆಯ ಮೇಲಿಂದ ನಮ್ಮ ಅಂಗಳಕ್ಕೆ ಇಣುಕುತ್ತಿತ್ತು. ಈ ವಾರ ಹರಿಯುತ್ತದೆ, ಬರುವ ವಾರ ಹರಿಯುತ್ತದೆ ಎಂದು ನಾನು ಕಿವಿಗೊಟ್ಟು ಕಾದೆ. ಹರಿದರೆ ಅವಳು ನನ್ನ ಬಾಗಿಲಿಗೆ ಬರಬೇಕು. ಬಂದಾಗ ಏನು ಹೇಳಬೇಕು, ಯಾವ ಸೀರೆ ಉಟ್ಟಿರಬೇಕು ಎಂಬುದು ಕೂಡ ನನ್ನ ಮನಸ್ಸಿನಲ್ಲಿತ್ತು.

ಅದು ಹರಿಯಲಿಲ್ಲ. ಹುಣಸೆಯ ಸಿಪ್ಪೆಯ ಬಣ್ಣಕ್ಕೆ ತಿರುಗಿತು, ದಪ್ಪವಾಯಿತು, ಹಳೆಯ ಚಪ್ಪಲಿಯ ಅಟ್ಟೆಯಂತೆ ಸುಕ್ಕುಗಟ್ಟಿತು. ಬಾಗಿಲಾಚೆಯಿಂದ ಇಣುಕಿ ನೋಡಲೂ ಅಸಹ್ಯ. ನನ್ನದೋ, ಕಾಯಿಸಿದ ಎಮ್ಮೆ ಹಾಲಿನ ಕೆನೆಯಂತೆ ಬೆಳ್ಳಗೆ, ದೀಪ ಹಿಡಿದರೆ ಆಚೆ ಬದಿ ಕಾಣುವಷ್ಟು ನಯ. ಮದುವೆಯಾಗಿ ಊರಿಗೆ ಬಂದ ಹೊಸ ಸೊಸೆಯರನ್ನು ಕರೆತಂದು ನನ್ನ ಬಾನಿ ತೋರಿಸುತ್ತಿದ್ದರು. ಪೊರೆ ಅಂದರೆ ಹೀಗಿರಬೇಕು ನೋಡು, ಎನ್ನುತ್ತಿದ್ದರು. ಹೊಂಬಾಳೆಯ ಬಾನಿಯನ್ನು ಯಾರೂ ನೋಡುತ್ತಿರಲಿಲ್ಲ. ಅವಳ ಮನೆಗೆ ಹೋದವರು ನೀರು ಕುಡಿದು, ಹರಟೆ ಹೊಡೆದು, ಮತ್ತೊಂದು ಲೋಟ ಕೇಳಿ ಕುಡಿದು ಬರುತ್ತಿದ್ದರು. ಅದರ ಅರ್ಥ ನನಗೆ ತಡವಾಗಿ ತಿಳಿಯಿತು.

ಒಂದು ದಿನ ಅತ್ತೆ ಆ ಕಡೆ ಎಲೆಅಡಿಕೆ ಹಾಕಲು ಹೋದವರು ಮರಳಿ ಬಂದು ಕಂಬಕ್ಕೆ ಒರಗಿ ಕೂತರು.

"ಆ ಕಡೆ ನೀರು ರುಚಿಯಾಗೈತೆ ಕಣೆ ದೇವೀರಿ" ಎಂದರು.

"ನಮ್ದೂ ಅದೇ ಪೊರೆಯಲ್ವಾ ಅತ್ತೆಮ್ಮ" ಎಂದೆ.

"ಅದೇ ನಂಗೂ ಆಶ್ಚರ್ಯ" ಎಂದರು.

ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ತಂದು ಮತ್ತೆ ತೊಳೆದೆ.

ಸುಗ್ಗಿ ಮುಗಿದ ಮೇಲೆ ಪಟ್ಟಣದ ಕಾಲೇಜೊಂದರಿಂದ ವಾರಿಜಾ ಎಂಬ ಮೇಡಂ ಬಂದರು. ತಲೆಗೆ ಟೋಪಿ, ಹೆಗಲಿಗೆ ಚೀಲ. ಚಿಲುಮೆಯ ಹಬೆಗೆ ಅವರಿಗೆ ಸೀನು ನಿಲ್ಲುತ್ತಿರಲಿಲ್ಲ, ಮಾತಿನ ನಡುವೆ ಮೂಗು ಒರೆಸಿಕೊಳ್ಳುತ್ತ ಕ್ಷಮಿಸಿ ಕ್ಷಮಿಸಿ ಎನ್ನುವರು. ನಮ್ಮ ಪೊರೆಗಳನ್ನು ಪರೀಕ್ಷೆ ಮಾಡಬೇಕಿತ್ತಂತೆ. ಉಳಿದುಕೊಂಡದ್ದು ಹೊಂಬಾಳೆಯ ಮನೆಯಲ್ಲಿ. ನನ್ನ ಮನೆಯಲ್ಲೂ ಒಂದು ಕೋಣೆ ಖಾಲಿಯಿತ್ತು, ಚೊಕ್ಕವಾಗಿತ್ತು. ಹೊಂಬಾಳೆ ಬಸ್ ಇಳಿದಲ್ಲೇ ಹೋಗಿ ಕರೆದಳು. ನನಗೆ ಹಾಗೆ ಬೀದಿಯಲ್ಲಿ ನಿಂತು ಕರೆಯಲು ಬರುವುದಿಲ್ಲ.

ಮೇಡಂ ನನ್ನ ಬಾನಿಗೂ ಬಂದರು. ಬಗ್ಗಿ ನೋಡಿ, "ಎಷ್ಟು ಚೆನ್ನಾಗಿದೆ ಅಮ್ಮ, ಇಷ್ಟು ತೆಳು ಪೊರೆ ನಾನು ಎಲ್ಲೂ ನೋಡಿಲ್ಲ" ಎಂದರು. ಗೋಡೆಯಾಚೆಗೆ ಕೇಳಲಿ ಎಂದು ನಾನು ಗಟ್ಟಿಯಾಗಿ, "ಏನಂದ್ರಿ?" ಎಂದೆ. ಅವರು ಇನ್ನೊಮ್ಮೆ ಹೇಳಿದರು. ಅಂಚಿನಿಂದ ಉಗುರಿನಷ್ಟು ಚೂರು ತೆಗೆದು ಸೀಸೆಗೆ ಹಾಕಿಕೊಂಡು ಹೋದರು.

ಬೇಸಿಗೆ ಹತ್ತುವ ಹೊತ್ತಿಗೆ ಮೇಡಂ ಮರಳಿ ಬಂದರು. ಏನು ಕಂಡಿತೆಂದು ಕೇಳಲು ಹೊಂಬಾಳೆಯ ಜಗಲಿಯಲ್ಲಿ ಕೇರಿಯವರೆಲ್ಲ ಸೇರಿದರು. ನಾನು ನಮ್ಮ ಬಾಗಿಲಲ್ಲೇ ಅಕ್ಕಿ ಆರಿಸುತ್ತ ಕೂತೆ. ಅಲ್ಲಿಗೂ ಚೆನ್ನಾಗಿ ಕೇಳುತ್ತದೆ.

"ಪೊರೆ ಅಂದರೆ ಒಂದು ಜೀವ ಅಲ್ಲ" ಎಂದರು ಮೇಡಂ. "ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಲೆಕ್ಕವಿಲ್ಲದಷ್ಟು, ಕೈ ಕೈ ಹಿಡಿದುಕೊಂಡು ಇದಾವೆ. ಒಂದೊಂದರ ಸುತ್ತಲೂ ಅದರದೇ ಒಂದು ಸಣ್ಣ ಪೊರೆ. ನಮ್ಮ ಮೈಯಲ್ಲೂ ಹಾಗೇನೇ, ಒಂದೊಂದು ಜೀವಕೋಶಕ್ಕೂ ಪೊರೆ ಇದೆ. ಅದು ಗಟ್ಟಿ ನಿಲ್ಲೋದಕ್ಕೆ ನಮ್ಮಲ್ಲಿ ಕೊಲೆಸ್ಟರಾಲ್ ಇರುತ್ತೆ."

"ಹಾರ್ಟಿಗೆ ಆಗದು ಅಂತಾರಲ್ಲ, ಅದಾ?" ಎಂದ ದರ್ಜಿ ಮಾಯಿಗಯ್ಯ. ಅವನ ಮನೆ ಊರಿನ ಆ ತುದಿಯಲ್ಲಿ. ಅವನದೂ ನಮ್ಮತ್ತೆ ಕೊಟ್ಟ ಹೆಪ್ಪೇ.

"ಅದೇ. ಜಾಸ್ತಿಯಾದರೆ ಕೆಟ್ಟದ್ದು, ಇಲ್ಲದೇ ಹೋದರೆ ಬದುಕೇ ಇಲ್ಲ. ಈ ಬ್ಯಾಕ್ಟೀರಿಯಾಗಳಲ್ಲಿ ಅದಿಲ್ಲ. ಅದರ ದಾಯಾದಿ ಥರ ಒಂದು ಕೊಬ್ಬು ಇದೆ, ಹೋಪನಾಯ್ಡ್ ಅಂತ. ಪೊರೆಯ ನಡುನಡುವೆ ತೂರಿಕೊಂಡು ಕೂತಿರುತ್ತೆ. ಬಿಸಿಗೆ ಪೊರೆ ಸಡಿಲ ಆಗದ ಹಾಗೆ, ಹುಳಿ ಒಳಕ್ಕೆ ನುಗ್ಗದ ಹಾಗೆ ಬಿಗಿ ಹಿಡಿಯುತ್ತೆ. ಮೊದಲು ಅದರ ಬಳಗದ್ದು ಒಂದು ಮರದ ಅಂಟಿನಲ್ಲಿ ಸಿಕ್ಕಿತು, ಆ ಮರದ ಹೆಸರೇ ಇದಕ್ಕೂ ಬಂತು."

"ಅಯ್ಯೋ ಪಾಪ, ಅದಕ್ಕೂ ಕೊಟ್ಟೋರ ಹೆಸರೇಯ" ಎಂದು ಹೊಂಬಾಳೆ ನಕ್ಕಳು. ಎಲ್ಲರೂ ನಕ್ಕರು.

"ಇಡೀ ಊರಿನಲ್ಲಿ ಆ ಕೊಬ್ಬು ಎಲ್ಲಕ್ಕಿಂತ ಹೆಚ್ಚು ಇರೋದು ಈ ಮನೆಯ ಪೊರೆಯಲ್ಲಿ" ಎಂದರು ಮೇಡಂ. ಒಂದು ಸೀನು ಸೀನಿದರು. "ಆಶ್ಚರ್ಯ ಅಂದರೆ ಎಲ್ಲಕ್ಕಿಂತ ಕಡಿಮೆ ಇರೋದು ಪಕ್ಕದ ಮನೇಲಿ. ಎರಡೂ ಒಂದೇ ಪೊರೆಯ ಅರ್ಧರ್ಧ ಅಂತೀರಿ, ಬ್ಯಾಕ್ಟೀರಿಯಾಗಳೂ ಅವೇ."

ಜಗಲಿಯಲ್ಲಿ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ಚಿಲುಮೆಯ ಬಳಿ ಮೇಡಂ ಒಬ್ಬರೇ ಇದ್ದಾಗ ನಾನೇ ಹೋಗಿ ಯಾಕೆ ಹೀಗೆ ಎಂದು ಕೇಳಿದೆ. ಅವರು ಬಹಳ ಮೆತ್ತಗೆ ಹೇಳಿದರು. "ಕಷ್ಟ ಬಂದಾಗ ಕೆಲವು ಬ್ಯಾಕ್ಟೀರಿಯಾ ಈ ಕೊಬ್ಬನ್ನ ಜಾಸ್ತಿ ಮಾಡಿಕೊಳ್ಳುತ್ತವೆ ಅಮ್ಮ. ಬಿಸಿ, ಹುಳಿ, ಇಂಥದ್ದು ಬಿದ್ದಾಗ. ನೀವು ತುಂಬ ಜೋಪಾನ ಮಾಡಿದ್ದೀರಿ. ಅದಕ್ಕೆ ಬೇಕಾಗಲೇ ಇಲ್ಲ."

ಮನೆಗೆ ಬಂದು ಬಾನಿಯ ಮುಂದೆ ಕೂತೆ. ಇಷ್ಟು ವರ್ಷ ಬೆರಳು ಅದ್ದಿ ಅದ್ದಿ ಆರಿಸಿ ಹಾಕಿದ ನೀರು. ಹಬ್ಬವೆನ್ನದೆ, ಹೆರಿಗೆಯೆನ್ನದೆ, ಜ್ವರವೆನ್ನದೆ. ಅವಳ ಸೋಮಾರಿತನಕ್ಕೆ ಒಂದು ಇಂಗ್ಲಿಷ್ ಹೆಸರು ಬಂತು, ಕೇರಿಯೆದುರು ಮೆಚ್ಚುಗೆಯೂ ಬಂತು. ನನ್ನ ಆರೈಕೆಗೆ ಬಂದದ್ದು ಕಡಿಮೆ ಎಂಬ ಮಾತು. ಅವಳು ಬೇಕೆಂದು ಮಾಡಿದ್ದರೆ ಕೋಪ ಬರುತ್ತಿತ್ತು, ಕೋಪವಾದರೆ ಒಂದು ದಿನ ಇಳಿಯುತ್ತದೆ. ಏನೂ ಮಾಡದೆ ಗೆದ್ದವಳ ಮೇಲೆ ಏನು ಮಾಡಲಿ? ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಯಿತು. ಕಷ್ಟ ತಾನೇ ಬೇಕು, ಕೊಡೋಣ ಎಂದುಕೊಂಡೆ.

ಮರುದಿನ ಚಿಲುಮೆಯ ಬಾಯಿಂದಲೇ ಕುದಿಯುವ ನೀರು ತುಂಬಿಕೊಂಡು ಓಡುತ್ತ ಬಂದೆ. ಸೋಸಲಿಲ್ಲ. ಹೊಂಬಾಳೆಯಂತೆಯೇ ದಡಕ್ಕನೆ ಸುರಿದೆ. ಪೊರೆ ಒಮ್ಮೆ ನಡುಗಿತು, ಮತ್ತೆ ಸುಮ್ಮನಾಯಿತು. ಇಷ್ಟೇ ತಾನೇ ಎನ್ನಿಸಿ ಇನ್ನೊಂದು ಕೊಡ ತಂದೆ. ಮತ್ತೊಂದು. ಅಂಚು ಬಾನಿಯ ಕಲ್ಲನ್ನು ಬಿಟ್ಟು ಒಳಕ್ಕೆ ಸುರುಳಿ ಸುತ್ತಿಕೊಳ್ಳುವುದು ಕಂಡಿತು. ಕೈ ನಿಲ್ಲಿಸುವಷ್ಟರಲ್ಲಿ ನಡುವೆ ಸೀಳು ಬಿಟ್ಟು, ಒಡೆದ ಹಾಲಿನಂತೆ ಚೂರುಚೂರಾಗಿ ನೀರಿನಲ್ಲಿ ಕರಗಿತು. ಕೊಳೆತ ಮೊಟ್ಟೆಯ ವಾಸನೆ ಮನೆಯೆಲ್ಲ ಹರಡಿತು. ತೂಬಿನಿಂದ ಹುಳಿನೀರು ಹಾಗೇ ಚರಂಡಿಗೆ ಹರಿಯಿತು. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಬೋರಮ್ಮನ ಮನೆಯ ಪೊರೆ ಸತ್ತಿತು ಎಂಬುದನ್ನು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ಅತ್ತೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಬಾನಿಯನ್ನು ನೋಡಿದರು. ಬೈಯಲಿಲ್ಲ. "ನನ್ ಕೈಯಾರೆ ಬೆಳೆಸಿದ್ದು" ಎಂದಷ್ಟೇ ಹೇಳಿ ಒಳಕ್ಕೆ ಹೋದರು.

ಗಂಡ ಊಟಕ್ಕೆ ಬಂದವರು, "ಹೋಗ್ಲಿ ಬಿಡು, ಪಕ್ಕದಲ್ಲಿ ಹೋಗಿ ಹೆಪ್ಪು ಕೇಳ್ಕಂಡ್ ಬಾ" ಎಂದರು, ಹಾಲಿಗೆ ಹೆಪ್ಪು ತರುವ ಹಾಗೆ.

"ನಿಮ್ಮವ್ವನ ಮನೆಗೆ ಅವಳ ಹೆಸರು ಇಡ್ಲಾ?"

"ಅವಳ್ದೂ ಅವ್ವನ ಪೊರೇನೇ ಅಲ್ವಾ."

"ಕೊಡೋ ಕೈ ಯಾರ್ದು?"

ಅವರು ಎದ್ದು ಟವೆಲ್ ಹೆಗಲಿಗೆ ಹಾಕಿಕೊಂಡು ತಮ್ಮನ ಮನೆಗೆ ನೀರು ಕುಡಿಯಲು ಹೋದರು. ಮಕ್ಕಳೂ ಹೋದವು. ಅಲ್ಲಿ ಹೊಂಬಾಳೆ ಲೋಟಗಳನ್ನು ಸಾಲಾಗಿ ಇಟ್ಟಿದ್ದಳಂತೆ. ನನ್ನ ಮಗಳು ಬಂದು ಅದನ್ನು ಸಂಭ್ರಮದಿಂದ ಹೇಳಿದಳು. ಚಿಕ್ಕಮ್ಮನ ಮನೇಲಿ ನನಗೇ ಅಂತ ಬೇರೆ ಲೋಟ ಇದೆ, ಎಂದಳು.

ಮೇಡಂ ಬಂದು ಬತ್ತಿದ ಬಾನಿಯ ಒಳಮೈಯನ್ನು ಸಣ್ಣ ಚೂರಿಯಿಂದ ಕೆರೆದುಕೊಂಡರು. ನನ್ನನ್ನು ಸಮಾಧಾನ ಮಾಡಬೇಕೆನ್ನಿಸಿತೋ ಏನೋ, "ಪೊರೆ ಹೋದರೂ ಆ ಕೊಬ್ಬಿನ ಗುರುತು ಕಲ್ಲಲ್ಲಿ ಉಳಿಯುತ್ತೆ ಅಮ್ಮ. ನೂರು ಕೋಟಿ ವರ್ಷಕ್ಕಿಂತ ಹಳೆಯ ಬಂಡೆಗಳಲ್ಲೂ ಅದರ ಅಂಶ ಸಿಕ್ಕಿದೆ. ಬ್ಯಾಕ್ಟೀರಿಯಾದ ಬೇರೆ ಏನೂ ಉಳಿದಿರಲ್ಲ, ಅದೊಂದು ಇರುತ್ತೆ" ಎಂದರು.

"ಅದರಿಂದ ಕುಡಿಯೋ ನೀರು ಬರ್ತದಾ?"

"ಇಲ್ಲ" ಎಂದರು.

"ಹಂಗಾದ್ರೆ ತಗಂಡ್ ಹೋಗಿ" ಎಂದೆ.

ಮಾರನೆಯ ಬೆಳಿಗ್ಗೆ ಅತ್ತೆ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಎಲೆಅಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿದರು. ನಾನು ಒಲೆಯ ಮುಂದಿದ್ದೆ.

"ವಯಸ್ಸಾದೋಳು ಕಣವ್ವ, ಪ್ರತಿ ಸಲ ಬಾಯಾರಿದಾಗ ಎದ್ದೋಗಿ ಬರಕ್ಕಾಗಲ್ಲ. ನಿನ್ ಮೇಲೆ ಕೋಪ ಇಲ್ಲ" ಎಂದರು.

ಕೋಪ ಇದ್ದರೆ ಚೆನ್ನಾಗಿತ್ತು. ಗೋಡೆಯ ಆಚೆಗೆ ಹತ್ತು ಹೆಜ್ಜೆಯೂ ಇಲ್ಲ. ಹೊಂಬಾಳೆ ಓಡಿ ಬಂದು ಚಾಪೆ ಈಸಿಕೊಂಡಳು. ಅತ್ತೆ ಅವಳ ಹೆಗಲ ಮೇಲೆ ಕೈಯಿಟ್ಟು ಹೊಸಿಲು ದಾಟಿದರು. ಆ ಕೈ ನನ್ನ ಹೆಗಲ ಮೇಲೆ ಇರುತ್ತಿದ್ದಾಗ ಎಷ್ಟು ಭಾರ ಎಂದು ನನಗೆ ಗೊತ್ತು. ಆ ಭಾರ ಅವಳ ಹೆಗಲಲ್ಲಿ ಕಂಡಾಗ ನನಗೆ ಬಂದ ಹೊಟ್ಟೆಯುರಿಯ ಮುಂದೆ ಪೊರೆಯದು, ಹೆಸರಿನದು, ಮೇಡಂದು ಯಾವುದೂ ಏನೂ ಅಲ್ಲ.

ನಾನು ಮಾತ್ರ ಆ ಹೊಸಿಲು ತುಳಿಯಲಿಲ್ಲ. ಬಿಸಿಲಲ್ಲಿ ಇಡೀ ಊರು ದಾಟಿ ಮಾಯಿಗಯ್ಯನ ಮನೆಗೆ ಹೋಗಿ ನೀರು ಕುಡಿಯುತ್ತಿದ್ದೆ. ಹೋಗಿ ಬರುವಷ್ಟರಲ್ಲಿ ಮತ್ತೆ ಬಾಯಾರುತ್ತಿತ್ತು. ಅವನು ಹೊಲಿಗೆ ಯಂತ್ರದಿಂದ ತಲೆಯೆತ್ತದೆ, "ಅಲ್ಲ ದೇವೀರಕ್ಕ, ನಿಮ್ ಪಕ್ಕದ ಮನೇಲಿ ನೀರು ಬರ್ತಾ ಇಲ್ವಾ?" ಎನ್ನುವನು.

"ನಡೆದರೆ ಮೈಗೆ ಒಳ್ಳೇದು."

"ಹೌದೌದು, ಇಂಥ ಬಿಸಿಲಲ್ಲಿ ಭಾಳ ಒಳ್ಳೇದು."

ಅವನನ್ನೇ ಹೆಪ್ಪು ಕೇಳಿದೆ. ಅವನು ಯಂತ್ರ ನಿಲ್ಲಿಸಿದ. "ನಮ್ಮನೆಗಿರೋದೇ ನಿಮ್ಮತ್ತೆ ಹೆಸರು. ಇನ್ನು ನಿಮ್ಮನೆಗೆ ನನ್ನ ಹೆಸರಾ? ಅಜ್ಜಿ ನನ್ ಮಕ ನೋಡ್ತಾರಾ? ಇಲ್ಲ ಅನ್ನಂಗಿಲ್ಲ, ಕೊಡ್ತೀನಿ. ಈ ಬಿಸಿಲಿಗೆ ನಂದೇ ತೆಳ್ಳಗಾಗೈತೆ, ನಾಲ್ಕು ದಿನ ತಡೀರಿ."

ಆ ನಾಲ್ಕು ದಿನ ಬರಲೇ ಇಲ್ಲ. ಆ ವರ್ಷ ಚಿಲುಮೆಗೆ ಏನಾಗಿತ್ತೋ, ನೀರು ದಿನದಿಂದ ದಿನಕ್ಕೆ ಕಾಯತೊಡಗಿತು. ಆರಿಸಿದರೂ ಬೇಗ ಆರುತ್ತಿರಲಿಲ್ಲ, ಹುಳಿ ನಾಲಿಗೆಯನ್ನು ಸುಡುವಂತಿತ್ತು. ಮೇಲಿನ ಕೇರಿಯಲ್ಲಿ ಒಂದು ಬಾನಿ ಹೋಯಿತು. ಆಮೇಲೆ ಅದರ ಎದುರಿನದು. ಬೆಳಿಗ್ಗೆ ಎದ್ದರೆ ಯಾವುದೋ ಮನೆಯಿಂದ ಕೊಳೆತ ಮೊಟ್ಟೆಯ ವಾಸನೆ. ನಾನು ಮಾಯಿಗಯ್ಯನ ಮನೆಗೆ ಹೋದ ಒಂದು ದಿನ ಅವನು ಬಾಗಿಲಲ್ಲೇ ನಿಂತಿದ್ದ. ಚರಂಡಿಯಲ್ಲಿ ಹುಳಿನೀರು ಹರಿಯುತ್ತಿತ್ತು.

"ಬನ್ನಿ ಅಕ್ಕ, ಇಬ್ರೂ ಜೊತೇಲೇ ಹೋಗಾನ" ಎಂದ. ನಾನು ಅವನ ಜೊತೆ ಹೆಜ್ಜೆ ಹಾಕಿದೆ.

ಹೊಂಬಾಳೆಯ ಬಾಗಿಲಿನಿಂದ ಸಾಲು ಬೀದಿಯ ತಿರುವಿನವರೆಗೂ ಇತ್ತು. ಹೆಂಗಸರ ಕೈಯಲ್ಲಿ ಹೆಪ್ಪು ಒಯ್ಯಲು ಒದ್ದೆ ಬಟ್ಟೆ ಹಾಸಿದ ಮೊರ. ಸ್ವಂತ ಪೊರೆಯ ಮನೆಯವರು, ತಲೆ ಎತ್ತಿ ನಡೆಯುತ್ತಿದ್ದವರು, ಎಲ್ಲರೂ ಅಲ್ಲಿದ್ದರು. ನಾನು ಮಾಯಿಗಯ್ಯನ ಹಿಂದೆ ನಿಂತೆ. ನನ್ನನ್ನು ಕಂಡವರು ಮುಂದೆ ಹೋಗಿ ಎಂದು ದಾರಿ ಬಿಟ್ಟರು. ನಾನು ಹೋಗಲಿಲ್ಲ. ಇವತ್ತಿನಿಂದ ಇಡೀ ಊರು ಹೊಂಬಾಳೆಯ ಪೊರೆ ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಪೋಸ್ಟಿನ ಮುನಿಯಪ್ಪ ಏನು ಮಾಡುತ್ತಾನೆ ಎಂದು ಯೋಚಿಸಿದೆ.

ಸಾಲು ಮುಂದಕ್ಕೆ ಹೋಗುತ್ತಿರಲಿಲ್ಲ. ಒಳಗಿನಿಂದ ಸಿದ್ದಪ್ಪ ಬಂದು ಸಾಲಿನ ಉದ್ದಕ್ಕೂ ಹುಡುಕಿ ನನ್ನ ಮುಂದೆ ನಿಂತ. "ಅತ್ತಿಗೆ, ಅವಳು ನಿಮ್ಮನ್ನ ಕರೀತಾವ್ಳೆ" ಎಂದ.

ಗೋಡೆ ಎದ್ದ ಮೇಲೆ ಆ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಹೊಂಬಾಳೆ ಬಾನಿಯ ಪಕ್ಕ ಮಂಡಿಯೂರಿ ಕೂತಿದ್ದಳು. ಕೈಯಲ್ಲಿ ಪೊರೆ ಕುಯ್ಯುವ ಕಪ್ಪೆಚಿಪ್ಪು. ಅವಳ ಮುಖದಲ್ಲಿ ನಗು ಇರಲಿಲ್ಲ. ಅತ್ತೆ ಮೂಲೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿದ್ದರು. ಕಣ್ಣು ಮಂಜಾಗಿ, ಕೈ ನಡುಗುವಂತಾಗಿ ವರ್ಷವಾಗಿತ್ತು.

"ಅಕ್ಕ, ನಂಗೆ ಕುಯ್ಯಕ್ಕೆ ಬರಲ್ಲ" ಎಂದಳು, ಹೊರಗಿನವರಿಗೆ ಕೇಳದ ಹಾಗೆ.

"ಅತ್ತೆ ಹೇಳ್ಕೊಡ್ಲಿಲ್ವಾ?"

"ಅತ್ತೆ ನಂಗೆ ಏನ್ ಹೇಳ್ಕೊಟ್ಟವ್ರೆ? ಎಲ್ಲಾ ನಿಮ್ಗೇ ಹೇಳಿದ್ರು. ನೀರು ಆರಿಸಿ ಹಾಕ್ಬೇಕು ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ಮೇಡಂ ಹೇಳಿದ್ ಮೇಲೇ ಗೊತ್ತಾಗಿದ್ದು. ನಿಮ್ದು ಬೆಳ್ಳಗೆ ಹೂವಿನಂಗಿತ್ತು. ನಂದು ಕರ್ರಗಾಗ್ತಾ ಬಂತು. ಸತ್ತೇ ಹೋಗ್ತದೆ ಅಂತ ದಿನಾ ಹೆದರ್ಕೊಂಡೇ ಸುರೀತಿದ್ದೆ. ಊರೋರೆಲ್ಲ ನಿಮ್ಮನೇಗೆ ಹೋಗಿ ಬಾನಿ ನೋಡೋರು. ನಂಗೆ ಹೊಟ್ಟೆ ಉರಿಯೋದು ಅಕ್ಕ."

ಈ ಮಾತು ಕೇಳಿ ನನ್ನ ಮನಸ್ಸು ಕರಗಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಂತೋಷ. ಅವಳಿಗೂ ಉರಿಯುತ್ತಿತ್ತು, ನನ್ನದನ್ನು ಕಂಡು ಉರಿಯುತ್ತಿತ್ತು. ಆ ಸಂತೋಷವನ್ನು ಒಂದು ಗಳಿಗೆ ಬಾಯಲ್ಲಿಟ್ಟುಕೊಂಡು ಚಪ್ಪರಿಸಿದೆ. ಎರಡನೆಯದಾಗಿ ತೋಚಿದ್ದು, ನನಗೂ ಬರುವುದಿಲ್ಲ ಎಂದು ಹೇಳಿ ಎದ್ದು ಹೋಗಬಹುದು ಎಂಬುದು. ಅವಳು ತಾನೇ ಕುಯ್ಯಲು ಹೋಗುತ್ತಾಳೆ, ನೇರಕ್ಕೆ ಎಳೆಯುತ್ತಾಳೆ, ಸೀಳು ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ಆಗ ಯಾರ ಮನೆಗೂ ಯಾರ ಹೆಸರೂ ಇರುವುದಿಲ್ಲ. ಬಾಗಿಲಾಚೆ, ಒಳಕ್ಕೆ ಬರಲಾಗದ ಗುಂಪಿನಲ್ಲಿ, ಯಾರದೋ ಮಗು ನೀರಿಗಾಗಿ ಅಳುತ್ತಿತ್ತು, ಅದರ ತಾಯಿ ಶ್ ಶ್ ಎನ್ನುತ್ತಿದ್ದಳು. ಆ ಮಗು ಸುಮ್ಮನಿದ್ದಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

"ಚಿಪ್ಪು ಇಲ್ಲಿ ಕೊಡು" ಎಂದೆ. "ಮೊದಲು ಮೇಲಿನ ನೀರು ಕಮ್ಮಿ ಮಾಡು. ಬೆರಳು ಮುಳುಗುವಷ್ಟು ಸಾಕು."

ಪೊರೆಯನ್ನು ಮುಟ್ಟಿದೆ. ನೋಡಲು ಚಪ್ಪಲಿಯ ಅಟ್ಟೆಯಾದರೂ ಬೆರಳಿಗೆ ಅದು ಬೇರೆಯೇ ಆಗಿತ್ತು, ಬಿಗಿದ ಡೊಳ್ಳಿನ ಚರ್ಮದಂತೆ ಒತ್ತಿದರೆ ಮರಳಿ ಒತ್ತುತ್ತಿತ್ತು. ನನ್ನದು ಒಂದು ದಿನವೂ ಹೀಗೆ ಮರಳಿ ಒತ್ತಿರಲಿಲ್ಲ. ಪದರ ಪದರವಾಗಿ ಬೆಳೆದಿತ್ತು, ಮೇಲಿನದನ್ನು ಸುಲಿದರೆ ಕೆಳಗಿನದು ಹಾಗೇ ನಿಲ್ಲುವಂತೆ. ಚಿಪ್ಪಿನ ಅಂಚನ್ನು ಒದ್ದೆ ಮಾಡಿ, ಉಸಿರು ಹಿಡಿದು, ಬಳೆಯ ಹಾಗೆ ಗುಂಡಗೆ ತಿರುಗಿಸಿದೆ.

"ನೋಡ್ಕೊ. ನೇರ ಕುಯ್ದ್ರೆ ಸೀಳು ಓಡ್ತದೆ. ಗುಂಡಗೆ ಕುಯ್ದ್ರೆ ನಿಂತ್ಕತದೆ. ಉಗುರು ತಾಗಿಸ್ಬೇಡ, ಬೆರಳಿನ ಹೊಟ್ಟೆಲಿ ಎಬ್ಬಿಸು."

ಮೊದಲ ಪದರ ದೋಸೆ ಎದ್ದ ಹಾಗೆ ಎದ್ದು ಬಂತು. ಅದನ್ನು ಹೊಂಬಾಳೆಯ ಅಂಗೈಗೆ ಹಾಕಿದೆ. ಅವಳು ಎದ್ದುಹೋಗಿ ಬಾಗಿಲಲ್ಲಿ ಕಾದವರ ಮೊರಕ್ಕೆ ಹಾಕಿದಳು. ಅವರು ಅವಳ ಹೆಸರು ಹೇಳಿ ಹಣೆಗೆ ಒತ್ತಿಕೊಂಡು ಹೋದರು. ನಾನು ಕುಯ್ಯುತ್ತ ಹೋದೆ, ಅವಳು ಕೊಡುತ್ತ ಹೋದಳು. ಒಂದೊಂದು ಸಲ ಹೊರಗೆ ಅವಳ ಹೆಸರು ಕೇಳಿದಾಗಲೂ ನನ್ನ ಕಿವಿಯಲ್ಲಿ ಸಣ್ಣ ಸೂಜಿ ಚುಚ್ಚಿ ತೆಗೆದ ಹಾಗಾಗುತ್ತಿತ್ತು. ಕೈ ಮಾತ್ರ ತಪ್ಪಲಿಲ್ಲ. ನಡುವೆ ಒಂದಷ್ಟು ಅವಳ ಕೈಯಲ್ಲೂ ಕುಯ್ಯಿಸಿದೆ. ಅವಳು ಹೆದರಿ ಹೆದರಿ ತಿರುಗಿಸುವಾಗ ನನ್ನ ಕೈ ಅವಳ ಮೊಣಕೈಯ ಕೆಳಗಿತ್ತು.

"ಯಾರು ಕುಯ್ತಿರೋದು?" ಎಂದು ಅತ್ತೆ ಮೂಲೆಯಿಂದ ಕೇಳಿದರು.

"ಅಕ್ಕ" ಎಂದಳು ಹೊಂಬಾಳೆ.

"ಅದೇ ಅನ್ಕಂಡೆ, ಸದ್ದೇ ಇಲ್ಲ" ಎಂದರು ಅತ್ತೆ. ಮತ್ತೆ ಕಣ್ಣು ಮುಚ್ಚಿಕೊಂಡರು. ಅದು ಹೊಗಳಿಕೆಯೋ ಅಲ್ಲವೋ ಎಂದು ಈಗಲೂ ಯೋಚಿಸುತ್ತಿರುತ್ತೇನೆ.

ಮಾಯಿಗಯ್ಯನೂ ತೆಗೆದುಕೊಂಡು ಹೋದ ಮೇಲೆ ಬಾಗಿಲಲ್ಲಿ ಯಾರೂ ಉಳಿಯಲಿಲ್ಲ. ಬಾನಿಯಲ್ಲಿ ತೆಳ್ಳನೆಯ ಒಂದು ಪದರ ಹೊಂಬಾಳೆಗೆ, ಅಂಚಿನಲ್ಲಿ ಒಂದು ಅಂಗೈ ಅಗಲದ ಚೂರು. ಅವಳು ಅದನ್ನು ನೋಡಿ, "ನೀವೇ ಕುಯ್ಕೊಂಡ್ ಹೋಗಿ ಅಕ್ಕ. ನಾನು ಕೊಟ್ಟಂಗಾಗಲ್ಲ. ಅತ್ತೆ ಹೆಸರೇ ಇರ್ಲಿ" ಎಂದಳು.

ಒಳ್ಳೆಯ ಮಾತು. ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಅದನ್ನೂ ನನಗೆ ಸಹಿಸಲಾಗಲಿಲ್ಲ. ನೀರು ಅವಳದು, ಪೊರೆ ಅವಳದು, ಅತ್ತೆ ಅವಳ ಚಾಪೆಯ ಮೇಲೆ, ಕೊನೆಗೆ ದೊಡ್ಡತನವೂ ಅವಳದೇ ಆಗಬೇಕೇ? ಕುಯ್ದು ಅವಳ ಕೈಗಿಟ್ಟೆ. ಎದ್ದು ಹೊರಗೆ ಹೋಗಿ, ಬೀದಿಯಲ್ಲಿ, ಎಲ್ಲರಂತೆ ಹೊಸಿಲಿನ ಆಚೆ ನಿಂತು ಸೆರಗು ಒಡ್ಡಿದೆ. ನನ್ನಲ್ಲಿ ಮೊರ ಇರಲಿಲ್ಲ.

"ಹೆಪ್ಪು ಕೊಡವ್ವ" ಎಂದೆ. "ಇವತ್ತಿನಿಂದ ನಮ್ಮದು ಹೊಂಬಾಳೆ ಪೊರೆ." ಬೀದಿಯಲ್ಲಿ ಇನ್ನೂ ಕೆಲವರು ನಿಂತಿದ್ದರು, ಅವರಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ. ಅವಳು ಅಳುತ್ತ ಹಾಕಿದಳು.

ಪೊರೆ ಹಳೆಯ ಬಾನಿಯನ್ನು ಹಿಡಿದುಕೊಳ್ಳಲು ಕೆಲವು ದಿನ ಬೇಕಾಯಿತು. ಮೊದಲು ಸ್ವಲ್ಪ ಆರಿದ ನೀರು, ಆಮೇಲೆ ಅದಕ್ಕಿಂತ ಬಿಸಿ, ಆಮೇಲೆ ಹಬೆಯಾಡುವುದು, ಹೀಗೆ ಏರಿಸುತ್ತ ಹೋಗಿ ಎಂದು ಮೇಡಂ ಊರಿಗೆ ಹೊರಡುವ ಮುನ್ನ ಹೇಳಿದ್ದರು. ಹಾಗೇ ಮಾಡಿದೆ. ಅಂಚು ಕಂದು ಬಣ್ಣಕ್ಕೆ ತಿರುಗಿತು, ಸುಕ್ಕು ಬಂತು. ಅದನ್ನು ನೋಡಲು ಯಾರೂ ಬರಲಿಲ್ಲ, ನನಗೂ ತೋರಿಸುವ ಆಸೆ ಇರಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ತೂಬು ತೆಗೆದು ಲೋಟ ಒಡ್ಡಿದೆ. ಕುಡಿದೆ. ಅತ್ತೆ ಹೇಳಿದ್ದು ನಿಜ. ಇಷ್ಟು ವರ್ಷ ನಾನು ಮಾಡಿದ ಯಾವ ನೀರೂ ಹಾಗಿರಲಿಲ್ಲ. ಆಚೆಯಿಂದ ಅತ್ತೆಯೂ ಹೊಂಬಾಳೆಯೂ ಏನಕ್ಕೋ ನಗುವುದು ಕೇಳುತ್ತಿತ್ತು. ಹೊಟ್ಟೆಯಲ್ಲಿ ಆ ಕೆಂಡ ಇನ್ನೂ ಹಾಗೇ ಇತ್ತು. ನಾನು ಇನ್ನೊಂದು ಲೋಟ ಹಿಡಿದುಕೊಂಡೆ.